ಸಂಡಿಗೆ ಕಾಯುತ್ತಾ ನಿದ್ದೆ ಹೋದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಎಚ್ಚರವಾಗುತ್ತಿದ್ದುದು ಬೆಳಗಿನ ಜಾವ ಮೂರು ಗಂಟೆಗೆ. ಆ ಹೊತ್ತಿಗೆ ಅಕ್ಕ ನಿದ್ದೆಯಲ್ಲೇ ಮಗ್ಗುಲಾಗಲು ಹೋಗುತ್ತಿದ್ದಳು. ಮಂಡಿ ಮಡಚಲು ಆಗುತ್ತಿರಲಿಲ್ಲ, ಮಣಿಕಟ್ಟು ಊರಲು ಆಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಸಣ್ಣಗೆ ನರಳುತ್ತಿದ್ದಳು. ಬನಶಂಕರಿಯ ಆ ಮನೆಯಲ್ಲಿ ನಡುಮನೆ ಬಿಟ್ಟರೆ ಅಡುಗೆಮನೆ, ಅಷ್ಟೇ. ನಾವೆಲ್ಲ ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದೆವು. ಒಬ್ಬರು ಎದ್ದರೆ ಎಲ್ಲರೂ ಎದ್ದಂತೆ. ಅಮ್ಮ ಎಳ್ಳೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಂದು ಅಕ್ಕನ ಕಾಲು ನೀವುತ್ತಿದ್ದಳು. ಅಪ್ಪ ಏನೂ ಮಾಡಲು ತೋಚದೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಬೆಳಕು ಹರಿಯುವಾಗ ಎಲ್ಲರ ಕಣ್ಣೂ ಕೆಂಪಗಿರುತ್ತಿತ್ತು.

ಮಕ್ಕಳಿಗೂ ಕೀಲುವಾತ ಬರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. "ಬೆಳೆಯೋ ವಯಸ್ಸು, ಮೂಳೆ ಎಳೆಯತ್ತೆ," ಎಂದು ಪಕ್ಕದ ಮನೆಯವರು ಹೇಳಿದ್ದನ್ನು ನಂಬಿದ್ದೆವು. ರಾತ್ರಿ ಕಳೆದುಕೊಂಡ ನಿದ್ದೆ ಅಕ್ಕನಿಗೆ ಹಗಲಲ್ಲಿ ಒತ್ತರಿಸಿಕೊಂಡು ಬರುತ್ತಿತ್ತು. ತಟ್ಟೆಯ ಮುಂದೆ ಕೂತರೆ ತುತ್ತು ಬಾಯಲ್ಲಿರುವಾಗಲೇ ಕಣ್ಣು ಮುಚ್ಚುತ್ತಿದ್ದಳು. ಅಜ್ಜಿ ಅದಕ್ಕೆ ಒಂದು ಕಟ್ಟುಪಾಡು ಮಾಡಿದರು: ಹಗಲಲ್ಲಿ ಅವಳನ್ನು ಮಲಗಲು ಬಿಡಬಾರದು.

"ಹಗಲೆಲ್ಲಾ ತೂಕಡಿಸಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರತ್ತೆ? ಏಳೇ, ಮುಖ ತೊಳ್ಕೊ!"

"ಅಜ್ಜಿ, ಊಟ ಆದ್ಮೇಲೆ ನೀವು ಗೊರಕೆ ಹೊಡೀತೀರಲ್ಲ, ಅದೇನು?" ಎಂದಳು ಅಕ್ಕ.

"ಅದು ಜಪ ಕಣೇ."

ಎಲ್ಲರೂ ನಕ್ಕೆವು. ಅಕ್ಕನಿಗೆ ನಗಲೂ ಸುಸ್ತು. ತೂಕಡಿಸಿದಾಗಲೆಲ್ಲ ಯಾರಾದರೂ ಅವಳ ಭುಜ ಅಲುಗಿಸುತ್ತಿದ್ದರು. ಅದರಿಂದ ಒಳ್ಳೆಯದಾಗುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ಬೇಸಿಗೆ ರಜೆ ಬಂತು. ಅಮ್ಮ, ಅಜ್ಜಿ ಸೇರಿ ಸಂಡಿಗೆ ಹಿಟ್ಟು ಕಾಯಿಸಿದರು. ಜೀರಿಗೆ, ಇಂಗು, ಹಸಿಮೆಣಸಿನಕಾಯಿಯ ವಾಸನೆ ಬೀದಿಯ ತುದಿಯವರೆಗೂ ಹೋಗಿತ್ತು. ತಾರಸಿಯ ಮೇಲೆ ಅಪ್ಪನ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟರು. ಇನ್ನು ಕಾಗೆ ಓಡಿಸಲು ಒಬ್ಬರು ಬೇಕು.

"ಇವಳೇ ಕಾಯ್ಲಿ," ಎಂದಳು ಅಮ್ಮ. "ಕೂತು ಮಾಡೋ ಕೆಲಸ. ಕಾಗೆ ಓಡಿಸ್ತಾ ಇದ್ರೆ ನಿದ್ದೆನೂ ಬರಲ್ಲ."

ಅಕ್ಕ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಹಿಂದುಹಿಂದಕ್ಕೆ ಜರುಗುತ್ತಾ ಮೇಲೆ ಹತ್ತಿದಳು. ಕೈಗೊಂದು ಕೋಲು, ತಲೆಗೆ ಅಪ್ಪನ ಕರೀ ಛತ್ರಿ. ಮುಂದೆ ಮಹಡಿ ಏರಿಸಬೇಕೆಂಬ ಆಸೆಯಿಂದ ಅಪ್ಪ ತಾರಸಿಯ ಮೂಲೆಗಳಲ್ಲಿ ಕಬ್ಬಿಣದ ಕಂಬಿಗಳನ್ನು ಹಾಗೆಯೇ ಬಿಟ್ಟಿದ್ದರು. ಸುತ್ತಲೂ ಮೋಟುಗೋಡೆ ಇನ್ನೂ ಕಟ್ಟಿಸಿರಲಿಲ್ಲ. ಕೆಳಗೆ, ಮನೆಯ ಪಕ್ಕದಲ್ಲಿ, ಮಿಕ್ಕ ಜಲ್ಲಿಕಲ್ಲಿನ ರಾಶಿ ಬಿದ್ದಿತ್ತು.

ಮಧ್ಯಾಹ್ನ ಅಮ್ಮ ಮಜ್ಜಿಗೆ ಕೊಟ್ಟು ನನ್ನನ್ನು ಮೇಲೆ ಕಳಿಸಿದಳು. ತಾರಸಿಗೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ಛತ್ರಿ ಒಂದು ಕಡೆ ಉರುಳಿತ್ತು. ಅಕ್ಕ ಅದರ ನೆರಳಿನಲ್ಲಿ ಇರಲಿಲ್ಲ. ಬಿಸಿ ನೆಲವನ್ನು ಹುಡುಕುತ್ತಾ ಹೊರಳಿದ್ದಳೋ ಏನೋ, ತಾರಸಿಯ ತುದಿಯಲ್ಲಿ ಬೋರಲಾಗಿ ಮಲಗಿದ್ದಳು. ಒಂದು ಕಾಲು ಅಂಚು ದಾಟಿ ಗಾಳಿಯಲ್ಲಿ ಇಳಿಬಿದ್ದಿತ್ತು.

ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಬೆಚ್ಚಿಬಿದ್ದು ಅವಳು ಆ ಕಡೆಗೆ ಹೊರಳಿದರೆ? ಏನನ್ನಾದರೂ ಹಿಡಿದುಕೊಳ್ಳೋಣವೆಂದರೆ ಅವಳ ಬೆರಳುಗಳಿಗೆ ಹಿಡಿತವೇ ಇಲ್ಲ. ಮಜ್ಜಿಗೆ ಲೋಟ ಕೆಳಗಿಟ್ಟು, ತೆವಳಿಕೊಂಡು ಹೋಗಿ, ಅವಳ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎಳೆಯುವಷ್ಟು ಬಲ ನನಗಿರಲಿಲ್ಲ. ಬಿಟ್ಟು ಹೋಗಿ ಯಾರನ್ನಾದರೂ ಕರೆಯುವ ಧೈರ್ಯವೂ ಇರಲಿಲ್ಲ. ಈಗಲೂ ಒಮ್ಮೊಮ್ಮೆ ಸುಮ್ಮನೆ ಕೂತಿರುವಾಗ ಆ ಬಟ್ಟೆ ನನ್ನ ಬೆವರುಗೈಯಿಂದ ಜಾರುತ್ತಿರುವಂತೆ ಅನ್ನಿಸುತ್ತದೆ, ಮುಷ್ಟಿ ತಾನಾಗಿ ಬಿಗಿಯುತ್ತದೆ.

ಹತ್ತಿರದಿಂದ ಅಕ್ಕನ ಮುಖ ನೋಡಿದೆ. ಹುಬ್ಬಿನ ಗಂಟು ಸಡಿಲವಾಗಿತ್ತು. ಸದಾ ಮಡಚಿಕೊಂಡೇ ಇರುತ್ತಿದ್ದ ಬೆರಳುಗಳು ಬಿಸಿ ಗಾರೆಯ ಮೇಲೆ ಅರಳಿ ಮಲಗಿದ್ದವು.

ಅಷ್ಟರಲ್ಲಿ ಕಾಗೆಗಳ ಹಿಂಡೇ ಬಂದು ಸಂಡಿಗೆಗೆ ಮುತ್ತಿತು. ಆ ಗಲಾಟೆ ಕೇಳಿ ಅಮ್ಮ ಮೆಟ್ಟಿಲ ಮೇಲಿಂದಲೇ ಗದರುತ್ತಾ ಬಂದಳು. "ಏನೇ ಮಾಡ್ತಿದೀಯಾ ಅಲ್ಲಿ? ಎಲ್ಲಾ ಕಾಗೆ ಪಾಲಾಯ್ತಲ್ಲೇ!"

ಅಕ್ಕ ಮಿಸುಕಿದಳು. ನಾನು ಕಣ್ಣು ಮುಚ್ಚಿ ಅವಳ ಬೆನ್ನ ಮೇಲೆ ಬಿದ್ದೆ. ಆಗ ಅಮ್ಮ ನಮ್ಮನ್ನು ಕಂಡಳು. ಸಂಡಿಗೆ ತುಳಿದುಕೊಂಡು ಓಡಿಬಂದು ನಮ್ಮಿಬ್ಬರನ್ನೂ ಸಿಕ್ಕ ಸಿಕ್ಕ ಕಡೆ ಹಿಡಿದು ಒಳಗೆಳೆದಳು. ಊದಿದ ಮಣಿಕಟ್ಟು ಅಮ್ಮನ ಕೈಗೆ ಸಿಕ್ಕಿ ಅಕ್ಕ ಚೀರಿದಳು. ಆಮೇಲೆ ಸುತ್ತ ನೋಡಿದಳು. ಎಲ್ಲಿದ್ದೆನೆಂಬುದು ಅವಳಿಗೆ ಹೊಳೆಯಲೇ ಇಲ್ಲ.

"ಯಾಕಮ್ಮಾ ಎಬ್ಬಿಸಿದೆ?" ಎಂದಳು. "ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು."

ಅಮ್ಮ ಸುಡುವ ನೆಲದ ಮೇಲೆ ಕೂತು ಅತ್ತಳು. ಕೆಳಗೆ ಬಂದ ಮೇಲೆ ಅಜ್ಜಿ ತಮ್ಮ ಹಾಸಿಗೆ ಬಿಚ್ಚಿ, "ಮಲಕ್ಕೋ ತಾಯಿ," ಎಂದರು. ಆ ಕಟ್ಟುಪಾಡಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನವೇ ಅಪ್ಪ ಅವಳನ್ನು ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಒಂದೊಂದೇ ಕೀಲು ಮುಟ್ಟಿ ನೋಡಿ, ಇದು ಬೆಳೆಯುವ ನೋವಲ್ಲ, ಕೀಲುಗಳೇ ಉರಿಯುತ್ತಿವೆ ಎಂದರಂತೆ. ನೋವು ನಿದ್ದೆಯನ್ನು ಕೆಡಿಸುತ್ತದೆ, ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಹೆಚ್ಚು ತಾಗುತ್ತದೆ, ಹಗಲಲ್ಲೂ ಸ್ವಲ್ಪ ಮಲಗಲಿ ಎಂದರಂತೆ. ಮಾತ್ರೆ ಬಂತು. ರಾತ್ರಿ ಮಣಿಕಟ್ಟು ಅಲುಗದಂತೆ ಕಟ್ಟಲು ಬಿಳೀ ಪ್ಲಾಸ್ಟರಿನ ಅಚ್ಚು ಬಂತು. ಸಂಜೆ ಅಮ್ಮ ಹಂಡೆ ತುಂಬಾ ನೀರು ಕಾಯಿಸಿ ಅವಳಿಗೆ ಎರೆಯತೊಡಗಿದಳು. ತಕ್ಷಣವೇನೂ ಗುಣವಾಗಲಿಲ್ಲ. ಎಷ್ಟೋ ರಾತ್ರಿ ಮತ್ತೆ ಎಣ್ಣೆ ಬಿಸಿಯಾಯಿತು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ಬಿಸಿಲು ಚಾಪೆಯ ತನಕ ಬಂದಿತ್ತು. ಅಮ್ಮ ಗಾಬರಿಯಿಂದ ಅಕ್ಕನ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದಳು. ರಾತ್ರಿ ಸದ್ದೇ ಕೇಳಿರಲಿಲ್ಲವಲ್ಲ!

"ಏನಮ್ಮಾ ಇದು, ಬದುಕಿದೀನಿ," ಎಂದಳು ಅಕ್ಕ, ಕಣ್ಣು ಬಿಡದೆ.

"ರೀ, ನಿಮ್ಮ ಆಫೀಸ್ ಬಸ್ಸು?" ಎಂದಳು ಅಮ್ಮ.

"ಹೋಯ್ತು ಬಿಡು," ಎಂದು ಅಪ್ಪ ಮುಸುಕು ಎಳೆದುಕೊಂಡು ಮತ್ತೆ ಮಲಗಿದರು.

ಮಕ್ಕಳೇ, ನಿಮಗೆ ಈಗ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಮೈ ನೋಯುತ್ತದೆ ಎಂದರೆ ಡಾಕ್ಟರು ರಾತ್ರಿಯ ನಿದ್ದೆಯನ್ನೂ ವಿಚಾರಿಸುತ್ತಾರೆ. ಅದು ಒಳ್ಳೆಯದೇ. ಆದರೆ ನಮ್ಮ ನಡುಮನೆಯಲ್ಲಿ ಅಕ್ಕನ ನರಳಾಟ ಪ್ರತಿ ರಾತ್ರಿ ಎಲ್ಲರ ಕಿವಿಗೂ ಬೀಳುತ್ತಿತ್ತು, ಆದರೂ ನಮಗೆ ಅರ್ಥವಾಗಲು ಅಷ್ಟು ಕಾಲ ಹಿಡಿಯಿತು. ನಿಮ್ಮ ಬಾಗಿಲು ಮುಚ್ಚಿದ ಮೇಲೆ ನನಗೆ ಏನೂ ಕೇಳಿಸುವುದಿಲ್ಲ. ರಾತ್ರಿ ಎಲ್ಲಾದರೂ ನೋಯುತ್ತಿದ್ದರೆ ಬಂದು ನನ್ನನ್ನು ಎಬ್ಬಿಸಿ. ಎಷ್ಟು ಹೊತ್ತಾಗಿದ್ದರೂ ಸರಿ.