ಸಿಗ್ನಲ್ ಪೆಟ್ಟಿಗೆಯಲ್ಲಿ ನಾಲ್ಕು ಬಿಟ್ ಜಾಗ

"ಬೀಪ್ ಬರ್ತಿದೆ ಮೇಡಂ, ದೀಪ ಎಲ್ಲಾ ಆರಿಹೋಯ್ತು!"

ಟ್ರಾಫಿಕ್ ಪೇದೆ ಕೂಗುತ್ತಾ ವೃತ್ತದ ನಡುವಿಗೆ ಓಡುತ್ತಾರೆ. ಈಗಷ್ಟೇ ಬೆಳಕು ಹರಿಯುತ್ತಿದೆ. ಕಂಬದ ಬುಡದಲ್ಲಿ ಕಬ್ಬಿಣದ ಪೆಟ್ಟಿಗೆ ಬಾಯಿ ತೆರೆದಿದೆ. ಎದುರಿನ ಸ್ಟೂಲಿನಲ್ಲಿ ಕುಳಿತ ಹೆಂಗಸು ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡಿ ನಗುತ್ತಾರೆ.

"ಒಂದು ಬಿಟ್ ಮುಟ್ಟೋಕೆ ಹೋಗಿ ಬಿಟ್ಟುಗಳ ಇಡೀ ಸಾಲನ್ನೇ ಅಳಿಸಿಬಿಟ್ಟೆ. ಎರಡು ನಿಮಿಷ ಕೈ ಆಡಿಸ್ತಿರಿ ಅಣ್ಣ, ನಿಮಗೂ ವ್ಯಾಯಾಮ!"

ಊರಿನ ನಲವತ್ತೊಂದು ಸಿಗ್ನಲ್ ಪೆಟ್ಟಿಗೆಗಳಿಗೆ ಹತ್ತೊಂಬತ್ತು ವರ್ಷಗಳಿಂದ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿರುವವರು ಇವರೇ. ಮನೆಯಲ್ಲಿ ಅತ್ತೆ ಪರಿಚಯಿಸುವ ರೀತಿಯೇ ಬೇರೆ: "ನಮ್ಮ ಸೊಸೆ ಸೊನ್ನೇನ ಒಂದು ಮಾಡ್ತಾಳೆ, ಒಂದನ್ನ ಸೊನ್ನೆ ಮಾಡ್ತಾಳೆ. ಸಂಜೆ ಬಂದು ಸುಸ್ತು ಅಂತಾಳೆ."

ಈ ಹಳೆಯ ಪೆಟ್ಟಿಗೆ ನೆನಪಿಟ್ಟುಕೊಳ್ಳುವುದು ಹದಿನಾರು ಬಿಟ್ ಮಾತ್ರ. ಒಂದೊಂದು ಬಿಟ್ಟೂ ಸೊನ್ನೆ ಅಥವಾ ಒಂದು. ಹನ್ನೆರಡು ದೀಪಕ್ಕೆ ಹನ್ನೆರಡು, ಪಾದಚಾರಿಗಳು ಒತ್ತುವ ಗುಂಡಿಗೆ ನಾಲ್ಕು. ಅಲ್ಲಿಗೆ ಭರ್ತಿ.

ಕುರ್ಚಿಗೆ ಬೆತ್ತ ಹೆಣೆಯುವ, ಕಣ್ಣು ಕಾಣದ ಕುಶಲಕರ್ಮಿಯೊಬ್ಬರು ಹೋದ ತಿಂಗಳು ಇವರ ಕಚೇರಿಗೆ ಬಂದಿದ್ದರು. ಅವರ ಮನೆ ರಸ್ತೆಯ ಈಚೆ, ಅಂಗಡಿ ಆಚೆ. "ಗಾಡಿ ನಿಂತಾಗೊಂದು ಬೀಪ್ ಕೊಡಿ ಮೇಡಂ, ಒಬ್ಬನೇ ದಾಟ್ತೀನಿ. ಮೊನ್ನೆ ಬಸ್ಸಿಗೆ ಕಾಯ್ತಿದ್ದವನನ್ನ ಯಾರೋ ಪುಣ್ಯಾತ್ಮರು ಎಳ್ಕೊಂಡು ದಾಟಿಸಿಬಿಟ್ರು!"

ಹೊಸ ಪೆಟ್ಟಿಗೆ ಬರಲು ಮೂರು ವರ್ಷ ಎಂದರು ಮೇಲಿನವರು. ಈಕೆ ಹಳೆಯದರಲ್ಲೇ ಜಾಗ ಹುಡುಕಿದರು. "ಒಂದು ಕಡೆ ಮೂರು ದೀಪ ಇದ್ರೂ ಉರಿಯೋದು ಒಂದೇ ತಾನೆ? ಮೂರು ಬಿಟ್ ಯಾಕೆ ದಂಡ? ಎರಡರಲ್ಲೇ ನಾಲ್ಕು ಥರ ಬರೀಬಹುದು. ಸೊನ್ನೆ-ಸೊನ್ನೆ ಕತ್ತಲೆ, ಸೊನ್ನೆ-ಒಂದು ಕೆಂಪು, ಒಂದು-ಸೊನ್ನೆ ಹಳದಿ, ಒಂದು-ಒಂದು ಹಸಿರು. ಕಡೆಗೊಂದರಂತೆ ನಾಲ್ಕು ಉಳೀತು. ನಾಲ್ಕು ಬೀಪ್!"

ಪರೀಕ್ಷೆಗೆ ಸಿಕ್ಕಿರುವುದು ಇವತ್ತೊಂದೇ ಬೆಳಿಗ್ಗೆ. ಎಂಟರೊಳಗೆ ಸರಿಹೋಗದಿದ್ದರೆ ಹಳೆಯ ಪ್ರೋಗ್ರಾಮೇ ಗತಿ.

ಅವರು ಪ್ರೋಗ್ರಾಮಿನ ಒಂದೇ ಸಾಲು ತಿದ್ದುತ್ತಾರೆ. ಈಗ ಬೀಪಿನ ಬಿಟ್ ಬದಲಾದರೂ ಪಕ್ಕದ ಬಿಟ್ಟುಗಳು ಅಲುಗುವುದಿಲ್ಲ. ದೀಪಗಳು ಮರಳಿ ಹತ್ತಿಕೊಳ್ಳುತ್ತವೆ. ಪೇದೆ ಉಸ್ಸೆಂದು ಕೈ ಇಳಿಸುತ್ತಾರೆ.

ಏಳೂಕಾಲಿಗೆ ಬೆತ್ತದವರು ಕೋಲು ಊರಿಕೊಂಡು ಬಂದು, ಕಿವಿಗೊಟ್ಟು ನಿಲ್ಲುತ್ತಾರೆ. ವಾಹನಗಳು ನಿಲ್ಲುತ್ತವೆ. ಬೀಪ್, ಬೀಪ್, ಬೀಪ್.

ಪ್ರೋಗ್ರಾಂ ಬರೆದವರಿಗೇ ಅದರ ಮೇಲೆ ನಂಬಿಕೆ ಸಾಲದು. ತಡೆಯಲಾಗದೆ ಸ್ಟೂಲಿನಿಂದ ಎದ್ದುಬಿಡುತ್ತಾರೆ. "ಇದೊಂದ್ಸಲ ಕೈ ಕೊಡಿ ಅಣ್ಣ, ಜೊತೆಗೆ ಬರ್ತೀನಿ."

"ಕೊಡಲ್ಲ," ಎನ್ನುತ್ತಾ ಬೆತ್ತದವರು ಒಬ್ಬರೇ ರಸ್ತೆಗಿಳಿಯುತ್ತಾರೆ.