ಕೈಗೆಟುಕದ ಅಂಗೈಯಗಲ

ಮನುಷ್ಯನ ಬೆನ್ನಿನ ನಡುವೆ ಒಂದು ಅಂಗೈಯಗಲದ ಜಾಗವಿದೆ. ಭುಜದ ಮೇಲಿನಿಂದ ಇಳಿದ ಕೈ ಅಲ್ಲಿಗೆ ಇನ್ನೂ ನಾಲ್ಕು ಬೆರಳು ದೂರವಿರುವಾಗಲೇ ನಿಂತುಬಿಡುತ್ತದೆ. ಸೊಂಟದ ಕಡೆಯಿಂದ ಹತ್ತಿದ ಕೈ ಇನ್ನೇನು ಮುಟ್ಟಿತು ಎನ್ನುವಾಗ ರಟ್ಟೆ ಒಲ್ಲೆ ಎನ್ನುತ್ತದೆ. ಇಪ್ಪತ್ತಾರು ವರ್ಷಗಳಿಂದ ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುತ್ತಿರುವ ನಾನು ಸಹಾರಾ ಮರುಭೂಮಿಯನ್ನೂ ಸೈಬೀರಿಯಾವನ್ನೂ ಕಣ್ಣು ಮುಚ್ಚಿ ನಕ್ಷೆಯಲ್ಲಿ ತೋರಿಸಬಲ್ಲೆ. ಆದರೆ ನನ್ನ ಮೈಮೇಲೆಯೇ ಇಂಥದೊಂದು ದುರ್ಗಮ ಪ್ರದೇಶವಿದೆ ಎಂದು ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ತಂಗಿಗೆ ಮದುವೆಯಾದ ಮೇಲೆ.

ತಂಗಿ ನಿಮ್ಮಿ ಜೊತೆಯಲ್ಲಿರುವವರೆಗೆ ಆ ಜಾಗ ನನ್ನ ಜವಾಬ್ದಾರಿಯಾಗಿರಲಿಲ್ಲ. ಅಕ್ಕತಂಗಿ ಇಬ್ಬರೂ ಮದುವೆಯಾಗದೆ ಉಳಿದವರು. ಅಪ್ಪನ ಹಟ, ಜಾತಕದ ಹಟ, ಆಮೇಲೆ ನಮ್ಮದೇ ಹಟ, ಹೀಗೆ ಒಂದರ ಹಿಂದೆ ಒಂದು ಬಂದು ವಯಸ್ಸು ದಾಟಿತು. ಪ್ರತಿ ಭಾನುವಾರ ಬಚ್ಚಲಲ್ಲಿ ಹಂಡೆ ಕಾದ ಮೇಲೆ ಅವಳು ನನ್ನ ಬೆನ್ನು ತಿಕ್ಕುವುದು, ನಾನು ಅವಳ ಬೆನ್ನು ತಿಕ್ಕುವುದು. ಇದು ಅವ್ವ ಹಾಕಿಕೊಟ್ಟ ಪದ್ಧತಿ. ಸ್ನಾನದ ಪುಡಿಯೂ ಅವ್ವನದೇ: ಕಡಲೆಬೇಳೆ, ಹೆಸರುಕಾಳು, ಒಣಗಿಸಿದ ಕಿತ್ತಳೆ ಸಿಪ್ಪೆ, ಒಂದಿಷ್ಟು ಮೆಂತ್ಯ, ಕಸ್ತೂರಿ ಅರಿಶಿನ. ಕೊನೆಗೆ ಒಂದು ಹಿಡಿ ಅಕ್ಕಿ. ಅಕ್ಕಿ ಏಕೆಂದರೆ ಪುಡಿ ನುಣ್ಣಗಾಗಬಾರದು, ತರಿತರಿಯಾಗಿರಬೇಕು. ತರಿ ಇದ್ದರೆ ಕೊಳೆ ಏಳುತ್ತದೆ. ನಿಮ್ಮಿಯ ಕೈಯಲ್ಲಿ ಕೊಳೆಯ ಜೊತೆಗೆ ಇನ್ನೂ ಏನೇನೋ ಏಳುತ್ತಿತ್ತು.

"ನಿಧಾನ ಕಣೆ, ಇದೇನು ಹಿತ್ತಾಳೆ ಚೊಂಬಾ?" ಎಂದರೆ, "ಚೊಂಬಾಗಿದ್ರೆ ಇಷ್ಟೊತ್ತಿಗೆ ಹೊಳೀತಿತ್ತು, ಸುಮ್ನೆ ಕುಂತ್ಕ" ಎನ್ನುತ್ತಿದ್ದಳು.

ಹೋದ ವರ್ಷ, ನಲವತ್ತಾರನೆಯ ವಯಸ್ಸಿನಲ್ಲಿ, ಅವಳಿಗೊಂದು ಸಂಬಂಧ ಬಂತು. ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ಹೆಂಡತಿ ತೀರಿಕೊಂಡಿದ್ದರು, ಮಿತಭಾಷಿ. ನಿಮ್ಮಿಗೆ ಮನಸ್ಸಿತ್ತು. ಇಲ್ಲದ್ದು ಧೈರ್ಯ ಮಾತ್ರ. "ನೀನೊಬ್ಳೇ ಹೆಂಗಿರ್ತೀಯ ಅಕ್ಕ? ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ಬಸ್‌ಸ್ಟ್ಯಾಂಡಿಂದ ವಾಪಸ್ ಬರೋಳು ನೀನು" ಎಂದಳು. ನಾನು ಆರಾಮಾಗಿರ್ತೀನಿ ಎಂದು ಮಾತು ಕೊಟ್ಟೆ. ಎಷ್ಟು ಗಟ್ಟಿಯಾಗಿ ಕೊಟ್ಟೆನೆಂದರೆ ಅವಳಿಗೆ ಸ್ವಲ್ಪ ಬೇಜಾರೇ ಆದಂತೆ ಕಂಡಿತು.

ಆರಾಮಾಗಿಯೇ ಇದ್ದೆ, ಪುಡಿಯ ಡಬ್ಬ ಖಾಲಿಯಾಗುವವರೆಗೆ. ಆಮೇಲೆ ಕಾಲು ಕೆಜಿಯಷ್ಟು ಸಾಮಾನು ಹೊಂದಿಸಿ, ಬಿಸಿಲಿಗಿಟ್ಟು, ಚೀಲದಲ್ಲಿ ಹಾಕಿಕೊಂಡು ಗಿರಣಿಗೆ ಹೋದೆ. ಗಿರಣಿ ತಿಪ್ಪೇಸ್ವಾಮಿ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಆತ ಅವ್ವನ ಕಾಲದಿಂದ ನಮ್ಮ ಹಿಟ್ಟು ಬೀಸುವವನು.

"ಇದು ಆಗಲ್ಲ ಮೇಡಂ. ಇಷ್ಟು ಹಾಕಿದ್ರೆ ಕಲ್ಲೇ ತಿಂದು ತೇಗ್ತೈತೆ, ನಿಮಗೇನೂ ಉಳಿಯಲ್ಲ. ಎಲ್ಡ್ ಕೆಜಿ ಮಾಡ್ಕಂಡ್ ಬರ್ರಿ."

"ಒಬ್ಬಳಿಗೆ ಎರಡು ಕೆಜಿ ಏನು ಮಾಡ್ಲಿ ತಿಪ್ಪೇಸ್ವಾಮಿ?"

"ಯಾರ್ನಾದ್ರೂ ಜೊತೆ ಮಾಡ್ಕಳ್ರಿ" ಎಂದು ಅವನು ಹಿಂದಿನವರ ರಾಗಿಯನ್ನು ಗಿರಣಿಯ ಬಾಯಿಗೆ ಸುರಿದ.

ಅವನು ಹೇಳಿದ್ದು ಹಿಟ್ಟಿನ ವಿಷಯ. ಆದರೆ ಕೊರಗುವ ಸ್ವಭಾವದವರಿಗೆ ಯಾರು ಏನೇ ಹೇಳಿದರೂ ಅದು ಬೇರೆಯದೇ ವಿಷಯಕ್ಕೆ ಹೋಗಿ ತಾಗುತ್ತದೆ. ಗಿರಣಿಯ ಲೆಕ್ಕದಲ್ಲಿ ನಾನು ಬೀಸಲಾಗದಷ್ಟು ಚಿಕ್ಕ ಪ್ರಮಾಣ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಜೊತೆ ಮಾಡಿಕೊಳ್ಳಲು ಪಕ್ಕದ ಮನೆಯವರಿದ್ದರು, ನಿಜ. "ನಿಮ್ಮ ಸ್ನಾನದ ಪುಡಿಯೊಳಗೆ ನನ್ನದನ್ನೂ ಸೇರಿಸಿಕೊಳ್ಳುತ್ತೀರಾ" ಎಂದು ಕೇಳಲು ನಾಲ್ಕು ದಿನ ಅಭ್ಯಾಸ ಮಾಡಿದೆ. ಐದನೆಯ ದಿನ ಅವರ ಬಚ್ಚಲಲ್ಲಿ ಪ್ಲಾಸ್ಟಿಕ್ ಬಾಟಲಿಯ ದ್ರವರೂಪದ ಸೋಪು ಕಂಡು ಬಾಯಿ ಮುಚ್ಚಿಕೊಂಡು ಬಂದೆ.

ಮಿಕ್ಸಿಯಲ್ಲಿ ಮಾಡಿದರೆ? ಮಾಡಿದೆ. ಕಿತ್ತಳೆ ಸಿಪ್ಪೆ ಕಡ್ಡಿಯಾಗಿಯೇ ಉಳಿಯಿತು, ಬೇಳೆ ಬಿಸಿಯಾಗಿ ಮುದ್ದೆ ಕಟ್ಟಿತು. ಮಾರನೆಯ ದಿನದ ಕಾಯಿಚಟ್ನಿಯಲ್ಲಿ ಕಸ್ತೂರಿ ಅರಿಶಿನದ ಪರಿಮಳವಿತ್ತು. ಸ್ಟಾಫ್‌ರೂಮಿನಲ್ಲಿ ಒಬ್ಬರು ಚಟ್ನಿಯನ್ನು ಬಾಯಿಗಿಟ್ಟು, "ಏನ್ ಮೇಡಂ, ಮದುವೆ ಮನೆ ವಾಸನೆ ಬರ್ತೈತೆ" ಎಂದರು. ನಾನು ನಕ್ಕೆ. ಆಮೇಲೆ ನಾನೇಕೆ ನಕ್ಕೆ ಎಂದು ಎರಡು ಪೀರಿಯಡ್ ಯೋಚಿಸಿದೆ.

ಕೊನೆಗೆ ಸೋತು ಎರಡು ಕೆಜಿಯನ್ನೇ ಬೀಸಿಸಿ ತಂದೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಅಷ್ಟು ಪುಡಿ ಹುಳ ಬೀಳುವುದರೊಳಗೆ ಮುಗಿಯಬೇಕು. ಮುಗಿಯಬೇಕಾದರೆ ಧಾರಾಳವಾಗಿ ಬಳಸಬೇಕು. ಮೊಬೈಲಿನಲ್ಲಿ ಒಬ್ಬ ಹುಡುಗಿ, ಮೊಸರಲ್ಲಿ ಕಲಸಿ ದಪ್ಪಗೆ ಹಚ್ಚಿ ಇಪ್ಪತ್ತು ನಿಮಿಷ ಒಣಗಲು ಬಿಡಿ ಎಂದು ಹೇಳಿದಳು. ಅವಳ ವಯಸ್ಸಿನ ಚರ್ಮಕ್ಕೆ ಇಪ್ಪತ್ತಾದರೆ ನನ್ನ ವಯಸ್ಸಿನದಕ್ಕೆ ನಲವತ್ತಾದರೂ ಬೇಡವೇ ಎಂದು ನಾನೇ ತಿದ್ದುಪಡಿ ಮಾಡಿಕೊಂಡೆ. ಕೈಗೆಟುಕದ ಜಾಗಕ್ಕೆ ಅಡುಗೆಮನೆಯ ಮರದ ಸಟ್ಟುಗ ಬಂತು. ಬಚ್ಚಲಲ್ಲಿ ನಿಂತು, ದೋಸೆ ಹೆಂಚಿಗೆ ಹಿಟ್ಟು ಬಳಿದಂತೆ ಬೆನ್ನಿಗೆ ಬಳಿದುಕೊಂಡೆ. ಹಚ್ಚುವುದು ಸಟ್ಟುಗಕ್ಕೆ ಒಗ್ಗಿತು, ತಿಕ್ಕುವುದು ಒಗ್ಗಲಿಲ್ಲ. ನಮ್ಮೂರಲ್ಲಿ ನಲ್ಲಿ ನೀರು ಬರುವ ದಿನವನ್ನು ಪಂಚಾಂಗ ನೋಡಿಯೂ ಹೇಳಲಾಗದು. ಹಾಗಾಗಿ ಮೂರು ಚೊಂಬು ನೀರನ್ನು ಭುಜದ ಮೇಲಿಂದ ಸುರಿದು, ತೊಳೆದುಕೊಂಡೆ ಎಂದು ತಿಳಿದುಕೊಂಡೆ.

ಮೂರನೆಯ ವಾರ ಬೆರಳ ತುದಿಗೆ ಏನೋ ಒರಟಾಗಿ ತಾಗಿತು. ಬೆನ್ನಿನ ಮೇಲೆ, ಕೈ ನಿಲ್ಲುವ ಜಾಗದ ಅಂಚಿನಲ್ಲಿ. ಒರಟಾಗಿದೆ, ಅಂದರೆ ಇನ್ನೂ ಹೆಚ್ಚು ಪುಡಿ ಬೇಕು. ಹಚ್ಚಿದೆ. ಇನ್ನೂ ಒರಟಾಯಿತು. ಹರಳೆಣ್ಣೆ ಸವರಿದೆ. ಗಟ್ಟಿಯಾಯಿತು. ಬೀರುವಿನ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿ ಹಿಡಿದು ನೋಡಿದೆ. ಕಂದು ಹಳದಿಯ ಒಂದು ಮಚ್ಚೆ, ಅಂಗೈಯಗಲ, ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ನಕ್ಷೆಯ ಆಕಾರದ್ದು. ಹೊಳಲ್ಕೆರೆಯ ಕಡೆ ದಪ್ಪಗಿತ್ತು, ಹಿರಿಯೂರಿನ ಭಾಗದಲ್ಲಿ ಬಿರುಕು ಬಿಟ್ಟಿತ್ತು. ಎರಡು ಕನ್ನಡಿಗಳ ನಡುವೆ ಪೂರ್ವ ಯಾವುದು ಪಶ್ಚಿಮ ಯಾವುದು ಎಂದು ನಿರ್ಧರಿಸುವಷ್ಟರಲ್ಲಿ ಕತ್ತು ಉಳುಕಿತು.

ಅದೇ ವಾರ ಒಂಬತ್ತನೆಯ ತರಗತಿಗೆ ಶಿಲೆಗಳ ಶಿಥಿಲೀಕರಣದ ಪಾಠವಿತ್ತು. ಕಿಟಕಿಯಾಚೆ ಕೋಟೆಯ ಗುಡ್ಡ. ನಮ್ಮ ಬಂಡೆಗಳು ಹಗಲು ಕಾಯುತ್ತವೆ, ರಾತ್ರಿ ತಣಿಯುತ್ತವೆ. ಕಾಯ್ದು ತಣಿದು ಮೇಲಿನ ಪದರ ಸಡಿಲವಾಗಿ, ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತವೆ. ನಮ್ಮ ಗುಡ್ಡಗಳಿಗೆ ಆ ದುಂಡು ಬಂದದ್ದೇ ಹೀಗೆ. ಕಡಲೆಹಿಟ್ಟಿಲ್ಲ, ಸಟ್ಟುಗವಿಲ್ಲ, ಬಿಸಿಲೇ ಅವುಗಳ ಬೆನ್ನು ತಿಕ್ಕುತ್ತದೆ. ಹಾವಿಗೆ ಒಂದು ಒರಟು ಕಲ್ಲಿನ ಸಂದು ಸಿಕ್ಕರೆ ಸಾಕು, ಪೊರೆ ಬಿಟ್ಟು ಹೋಗುತ್ತದೆ. ಚಿಕ್ಕಂದಿನಲ್ಲಿ ಭರಮಸಾಗರದ ಸೋದರತ್ತೆಯ ಮನೆಗೆ ಹೋದಾಗ ಕೆರೆಯ ದಾರಿಯಲ್ಲಿ ನೆಟ್ಟ ಒಂದು ಕಲ್ಲುಕಂಬ ನೋಡಿದ್ದೆ. ನೀರಿನಿಂದೆದ್ದ ಎಮ್ಮೆಗಳು ಸಾಲಾಗಿ ಬಂದು ಅದಕ್ಕೆ ಮೈ ಉಜ್ಜಿಕೊಳ್ಳುತ್ತಿದ್ದವು. ಉಜ್ಜಿ ಉಜ್ಜಿ ಕಂಬದ ನಡು ನುಣ್ಣಗಾಗಿತ್ತು. ಎಮ್ಮೆಗೂ ಬೆನ್ನಿದೆ, ಅದಕ್ಕೂ ಕೈ ಎಟುಕದು ಎಂದು ಯೋಚಿಸಿ ಯಾರೋ ಒಬ್ಬರು ಕಲ್ಲು ನೆಟ್ಟಿದ್ದಾರೆ. ಭೂಗೋಳದ ಮೇಡಂಗೆ ಯಾರು ನೆಡುತ್ತಾರೆ?

ಚರ್ಮದ ಡಾಕ್ಟರ ಹತ್ತಿರವೂ ಹೋದೆ. ಚೀಟಿ ಬರೆಯುವಾಕೆ ಹೆಸರು ಕೇಳಿದಳು, ವಯಸ್ಸು ಕೇಳಿದಳು. "ಜೊತೇಲಿ ಯಾರು ಬಂದಿದಾರೆ ಆಂಟಿ?" ಎಂದಳು. ಅವಳು ಕುರ್ಚಿ ಹಾಕಿಸಲು ಕೇಳಿದ್ದಿರಬಹುದು. ನಾನು, ಜೊತೆಯಲ್ಲಿ ಬಂದವರಿಗೆ ಮಾತ್ರ ಹೇಳುವಂಥ ಕಾಯಿಲೆಗಳನ್ನು ನೆನೆಸಿಕೊಂಡು, ಪರ್ಸು ಮನೆಯಲ್ಲಿ ಮರೆತೆ ಎಂದು ಎದ್ದು ಬಂದೆ. ಪರ್ಸು ಕಂಕುಳಲ್ಲೇ ಇತ್ತು.

ಪ್ರತಿ ಸಂಜೆ ಏಳಕ್ಕೆ ನಿಮ್ಮಿಯ ಫೋನು. ಊಟಕ್ಕೇನು, ನೀರು ಬಂತಾ, ಗ್ಯಾಸ್ ಆಫ್ ಮಾಡಿದ್ಯಾ. ಒಂದು ದಿನ ತಟ್ಟನೆ ಕೇಳಿದಳು. "ಬೆನ್ನಿಗೇನು ಮಾಡ್ತೀಯ ಅಕ್ಕ?"

"ಉದ್ದ ಹಿಡಿಕೆ ಬ್ರಶ್ ತಗಂಡಿದೀನಿ. ನಿನಗಿಂತ ಚೆನ್ನಾಗಿ ತಿಕ್ಕುತ್ತೆ."

"ಒಳ್ಳೇದಾತು ಬಿಡು" ಎಂದಳು.

ಹೇಳಬಹುದಿತ್ತು. ಹೇಳಿದ್ದರೆ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಿಲ್ಲುತ್ತಿದ್ದಳು. ಆಮೇಲೆ ಹೊಸದುರ್ಗದ ಮನೆಯಲ್ಲಿ ಒಂದು ತುತ್ತನ್ನೂ ನೆಮ್ಮದಿಯಾಗಿ ಉಣ್ಣುತ್ತಿರಲಿಲ್ಲ. ನಾನು ಕೊಟ್ಟ ಮಾತಿನ ಮೇಲೆ ನಿಂತ ಮದುವೆ ಅದು. ಕಾಯಿಲೆಯ ಭಯ ಒಂದು ತೂಕವಾದರೆ ಈ ಭಯ ಇನ್ನೊಂದು ತೂಕ. ಎರಡನ್ನೂ ತೂಗಿ ತೂಗಿ ಹತ್ತು ದಿನ ಕಳೆದೆ. ಹನ್ನೊಂದನೆಯ ದಿನ ಭಾನುವಾರ. ಉಳಿದ ಪುಡಿಯಲ್ಲಿ ಅರ್ಧವನ್ನು ಡಬ್ಬಕ್ಕೆ ತುಂಬಿ, ಪುಡಿ ಕೊಡುವ ನೆಪದಲ್ಲಿ ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಇಳಿದು ವಾಪಸ್ ಹೋಗಾಣ ಎಂದು ಒಮ್ಮೆ ಎದ್ದೂ ಆಗಿತ್ತು. ಆದರೆ ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿಬಿಟ್ಟಿದ್ದಳು.

ನಿಮ್ಮಿಯ ಯಜಮಾನರು ಬಾಗಿಲಲ್ಲೇ ಸಿಕ್ಕರು. "ಬರ್ರಿ ಅಕ್ಕಾವ್ರೆ, ಕುಂತ್ಕಳ್ರಿ" ಎಂದು, ಅಷ್ಟಕ್ಕೆ ಮಾತು ಮುಗಿಸಿ ಕೊಬ್ಬರಿ ಮಂಡಿಗೆ ಹೋದರು. ನಾನು ಕಾಫಿ ಕುಡಿದೆ, ಹವೆಯ ವಿಷಯ ಮಾತಾಡಿದೆ, ಡಬ್ಬ ಕೊಟ್ಟೆ. ಇನ್ನು ಮಾತು ಉಳಿಯಲಿಲ್ಲ. "ನಿಮ್ಮಿ, ಬಚ್ಚಲಿಗೆ ಬಾ. ಬೆನ್ನ ಮೇಲೊಂದು ಏನೋ ಐತೆ, ಸುಮ್ನೆ ನೋಡು" ಎಂದೆ.

ರವಿಕೆ ತೆಗೆದು ಬೆನ್ನು ತೋರಿಸಿ ನಿಂತೆ. ಅವಳು ಹತ್ತಿರ ಬಂದು ಬಗ್ಗಿದಳು. ಅವಳು ನೋಡುವಷ್ಟು ಹೊತ್ತಿನಲ್ಲಿ ನಾನು ಮೂರು ಕಾಯಿಲೆಗಳನ್ನೂ ಒಂದು ಆಪರೇಶನ್ನನ್ನೂ ಮುಗಿಸಿದ್ದೆ. ಅಷ್ಟರಲ್ಲಿ ಉಗುರಿನಿಂದ ಕರ್ ಎಂದು ಕೆರೆದ ಸದ್ದಾಯಿತು. ಅವಳು ಒಂದು ಚಕ್ಕೆಯನ್ನು ಎಬ್ಬಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿದಳು.

"ಅಕ್ಕ, ಇದು ಕಡ್ಲೆಹಿಟ್ಟು."

"ಸರಿಯಾಗಿ ನೋಡು."

"ನೋಡೋದೇನೈತೆ? ಎಣ್ಣೆ ಬೇರೆ ಬಿಟ್ಟಿದೀಯ. ಇನ್ನೊಂದೀಟು ಉಪ್ಪು ಖಾರ ಹಾಕಿದ್ರೆ ಬೋಂಡ ಆಗಿರೋದು."

ಅವಳು ನಕ್ಕಳು. ಹಂಡೆಯ ಕಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗು ನಿಲ್ಲುತ್ತಿದ್ದ ಹಾಗೆ ಅವಳು ಕೇಳಿದಳು. "ಉದ್ದ ಹಿಡಿಕೆ ಬ್ರಶ್ ಎಲ್ಲೋತು?"

ಉತ್ತರಕ್ಕೆ ಅವಳು ಕಾಯಲೂ ಇಲ್ಲ. ಬಿಸಿನೀರು ಹುಯ್ದು, ಚಿತ್ರದುರ್ಗ ಜಿಲ್ಲೆಯನ್ನು ತಾಲ್ಲೂಕು ತಾಲ್ಲೂಕಾಗಿ ನೆನೆಸಿ ಎಬ್ಬಿಸಿದಳು. ಆಮೇಲೆ ಹೊಸ ಪುಡಿ ಹಾಕಿ ತಿಕ್ಕಿದಳು, ಹಿತ್ತಾಳೆ ಚೊಂಬು ತಿಕ್ಕಿದ ಹಾಗೆಯೇ. ನಿಧಾನ ಎಂದು ನಾನು ಹೇಳಲಿಲ್ಲ.

"ಈಗ ನಿಂದು ತಿರುಗಿಸು" ಎಂದೆ, ಹಳೆಯ ರೂಢಿಯಂತೆ.

"ನಂದು ಬ್ಯಾಡ ಬಿಡು."

"ತಿರುಗೆ ಸುಮ್ನೆ."

ತಿರುಗಿದಳು. ಹಿಟ್ಟಿರಲಿಲ್ಲ, ಮಚ್ಚೆಯೂ ಇರಲಿಲ್ಲ. ಅದೇ ಅಂಗೈಯಗಲದ ಜಾಗದಲ್ಲಿ ಒಂದು ವರ್ಷದ ಕೊಳೆ ಕಪ್ಪಗೆ ಕೂತಿತ್ತು. ಸುತ್ತಲೂ ಸ್ವಚ್ಛವಾಗಿತ್ತು, ಅವಳ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸಿದಂತೆ.

"ಅವರಿಗೆ ಹೇಳಬಾರದೇನೆ?"

ನಿಮ್ಮಿ ಗೋಡೆಗೆ ಮುಖ ಮಾಡಿಯೇ ಮಾತಾಡಿದಳು. "ಹೆಂಗೆ ಹೇಳ್ಲಿ ಅಕ್ಕ. ಒಳ್ಳೇರು, ಒಂದು ಮಾತು ಅಂದಿಲ್ಲ. ಆದ್ರೆ ವರ್ಷ ಆತು, ಇನ್ನೂ ಬರ್ರಿ ಹೋಗ್ರಿ ಅನ್ಕಂಡೇ ಇದೀವಿ. ಇಪ್ಪತ್ತು ವರ್ಷ ಇನ್ನೊಬ್ರು ಓಡಾಡಿದ ಮನೆ ಇದು. ಬೆನ್ನು ತಿಕ್ರಿ ಅಂತ ಹೆಂಗನ್ನಲಿ?"

"ಮತ್ತೆ ದಿನಾ ಸಂಜೆ ಆರಾಮಿದೀನಿ ಅಂತೀಯಲ್ಲ."

"ನೀನೂ ಅಂತೀಯಲ್ಲ" ಎಂದಳು.

ನಾನು ತಿಕ್ಕಿದೆ. ವರ್ಷವಿಡೀ ಸಂಜೆ ಏಳಕ್ಕೆ ಇಬ್ಬರೂ ಒಬ್ಬರಿಗೊಬ್ಬರು ನೆಮ್ಮದಿಯನ್ನು ಸಟ್ಟುಗದಲ್ಲಿ ಬಳಿಯುತ್ತ ಬಂದಿದ್ದೆವು. ಒಬ್ಬರೂ ತೊಳೆದು ನೋಡಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಬರುವಾಗ ಸೀಟಿನ ರೆಕ್ಸಿನ್ನು ಆ ಜಾಗಕ್ಕೆ ತಣ್ಣಗೆ ತಾಗುತ್ತಿತ್ತು. ಎಷ್ಟೋ ದಿನದ ಮೇಲೆ ಅಲ್ಲಿಗೆ ಸ್ಪರ್ಶ ಬಂದಿತ್ತು. ಮನೆಗೆ ಬಂದು ಬೀಗ ತೆಗೆದರೆ ಅದೇ ಮೌನ, ಅದೇ ಒಂದು ತಟ್ಟೆ. ಅದನ್ನು ಯಾವ ಪುಡಿಯೂ ಎಬ್ಬಿಸದು. ಏಳಕ್ಕೆ ಫೋನು ಬಂತು. "ಗ್ಯಾಸ್ ಆಫ್ ಮಾಡಿದ್ಯಾ" ಎಂದು ಕೇಳಿದ ನಿಮ್ಮಿ, "ನಾಳೆ ಅವರನ್ನ ಕೇಳಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಮುಂದಿನ ತಿಂಗಳು ನೀನೇ ಬಾ" ಎಂದಳು. ಅವಳು ಅವರನ್ನು ಕೇಳಲಿ ಎಂದು ಮನಸ್ಸಾರೆ ಹಾರೈಸಿದೆ. ಕೇಳದಿರಲಿ ಎಂದೂ ಸ್ವಲ್ಪ ಹಾರೈಸಿರಬೇಕು, ನಿಮ್ಮ ಹತ್ತಿರ ಮುಚ್ಚಿಡುವುದೇನು.

ಮೊನ್ನೆ ಮತ್ತೆ ಗಿರಣಿಗೆ ಹೋಗಿದ್ದೆ, ಈ ಸಲ ಭರ್ತಿ ಎರಡು ಕೆಜಿ ಹಿಡಿದುಕೊಂಡು. ತಿಪ್ಪೇಸ್ವಾಮಿ ಚೀಲ ತೂಗಿ ನೋಡಿ ತಲೆಯಾಡಿಸಿದ.

"ಜೊತೆ ಸಿಕ್ರಾ ಮೇಡಂ?"

"ಸಿಕ್ಕಿದಾರೆ. ಹೊಸದುರ್ಗದಾಗೆ."

"ಅಷ್ಟು ದೂರಾನಾ?"

ದೂರದ ಲೆಕ್ಕ ನನಗೆ ಹೇಳಿಕೊಡಬೇಕೆ? ನನ್ನ ಕೈಗೂ ನನ್ನ ಬೆನ್ನಿಗೂ ನಡುವೆ ಇರುವುದು ನಾಲ್ಕು ಬೆರಳು. ಆ ನಾಲ್ಕು ಬೆರಳಿನ ದೂರಕ್ಕೆ ಬಸ್ಸಿಲ್ಲ, ಹೊಸದುರ್ಗಕ್ಕೆ ಇದೆ. ಆದರೆ ಭಾನುವಾರ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಈಗಿನಿಂದಲೇ ಹತ್ತಿಕೊಂಡಿದೆ.