ಅಂಗಡಿಯ ಭಂಡಾರ ಮತ್ತು ಒಂದು ಹಳೆಯ ಪತ್ರ

ನಮ್ಮ ಮನೆತನದಲ್ಲಿ ಕುರಿ ಬಿಟ್ಟು ಕಾಲೇಜು ಹತ್ತಿದ ಮೊದಲಿಗ ನಾನು. ಕನ್ನಡ ಎಂ.ಎ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಇದರ ಜೊತೆ ಅಂಟಿದ ಇನ್ನೊಂದು ರೋಗ, ಎದುರಿಗೆ ಸಿಕ್ಕ ಬರಹಕ್ಕೆಲ್ಲ ಅರ್ಥ ಹೇಳುವುದು. ಔಷಧಿ ಚೀಟಿಯನ್ನೂ ಬಿಡುವುದಿಲ್ಲ.

ಹೋದ ವರ್ಷ ಅವ್ವ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಮಲಗಿದ್ದಳು. ಹೊಟ್ಟೆಯ ಗಡ್ಡೆ ಎಲ್ಲೆಲ್ಲೋ ಹಬ್ಬಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಕೆಲವೇ ದಿನ ಅಂದಿದ್ದರು. ಪಕ್ಕದ ಮಂಚದ ಹೆಂಗಸಿನ ಆರೈಕೆಗೆ ಆಕೆಯ ಅಕ್ಕ ಗ್ರೇಸಮ್ಮ ಇದ್ದರು. ಪ್ರತಿ ಮಧ್ಯಾಹ್ನ ಅವರು ತಮ್ಮ ಧರ್ಮಗ್ರಂಥದಲ್ಲಿ ಅಚ್ಚಾದ ಒಂದು ಹಳೆಯ ಪತ್ರದ ಪುಟ ತೆರೆದು, ಬೆರಳಿಟ್ಟು ಓದುತ್ತ, ದಿನವೂ ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರು.

“ಸರ್, ನೀವು ಕನ್ನಡ ಮಾಸ್ತರಂತ. ಇದೊಂದೀಟು ಬಿಡಿಸಿ ಹೇಳ್ರಿ.”

ನನಗೆ ಇಷ್ಟು ಸಾಕು. ಕ್ರಿಸ್ತನ ಮೊದಮೊದಲ ಭಕ್ತರಲ್ಲೊಬ್ಬ ಸೆರೆಯಲ್ಲಿ ಕೂತು ದೂರದವರಿಗೆ ಬರೆದದ್ದು ಅದು. ಅವರ ನಂಬಿಕೆ, ಅವರ ಪ್ರೀತಿ ಎರಡರ ಸುದ್ದಿಯೂ ಮುಟ್ಟಿ ಅವನಿಗೆ ಸಂತೋಷವಾಗಿದೆ. ವಾಕ್ಯ ಎಷ್ಟು ಉದ್ದವೆಂದರೆ ಕ್ರಿಯಾಪದ ಹುಡುಕುವುದು ಗುಳೇದಗುಡ್ಡದ ಮಗ್ಗದಲ್ಲಿ ಕಡಿದ ಎಳೆ ಹುಡುಕಿದಂತೆ. ಆ ಕಾಲದಲ್ಲಿ ಯಾರೋ ಇದನ್ನು ಕಾಲ್ನಡಿಗೆಯಲ್ಲಿ ಒಯ್ದು, ಮಂದಿಯ ನಡುವೆ ನಿಂತು ಓದಿರಬೇಕು, ಕೇಳಿದವರಲ್ಲಿ ಅಕ್ಷರ ಬಲ್ಲವರು ಎಷ್ಟು ಜನವೋ ಅಂತ ಶುರುಮಾಡಿದೆ. ನಂಬಿಕೆ ಮೇಲಕ್ಕೆ ನೋಡುತ್ತದೆ, ಪ್ರೀತಿ ಅಕ್ಕಪಕ್ಕ ನೋಡುತ್ತದೆ ಅಂತ ಮುಗಿಸಿದೆ. ನನಗೇ ಖುಷಿಯಾಯಿತು.

“ಎಷ್ಟ ಚಂದ ಹೇಳ್ತಾನ ನೋಡ್ರಿ,” ಅಂದಳು ಅವ್ವ ಮಲಗಿದಲ್ಲಿಂದಲೇ. “ನಾ ಹೇಳಿದ್ದೊಂದು ತಲಿಗೆ ಹೋಗೂದಿಲ್ಲ.”

ಅವಳು ಮೂರು ದಿನದಿಂದ ಹೇಳುತ್ತಿದ್ದದ್ದು ಒಂದೇ. ಹುನಗುಂದದಾಚೆಯ ನಮ್ಮೂರಿನ ಬೀರಪ್ಪನ ಗುಡಿಗೆ ಹೋಗಿ ಭಂಡಾರ ತರಬೇಕು.

“ಅವ್ವಾ, ಅದು ಬರೇ ಅರಿಷಿಣ ಪುಡಿ. ನನಗ ನಂಬಿಕಿಲ್ಲ.”

“ನಂಬು ಅಂತ ನಾ ಎಲ್ಲಿ ಅಂದೆ ಯಪ್ಪಾ? ತಂದ ಕೊಡು ಅಂದೆ.”

ಮರುದಿನ ನಾನು ಹೋದದ್ದು ನವನಗರದ ಕಿರಾಣಿ ಅಂಗಡಿಗೆ. ಪೊಟ್ಟಣ ಒಡೆದು, ಪುಡಿಯನ್ನು ಹಳೆಯ ಅರಿವೆಯಲ್ಲಿ ಕಟ್ಟಿದೆ. ಊರಿಗೆ ಹೋಗದ್ದಕ್ಕೆ, ಉತ್ತರ ಪತ್ರಿಕೆ ತಿದ್ದುವುದಿತ್ತು ಎಂಬುದು ನೆವ. ಖರೆ ಹೇಳಬೇಕೆಂದರೆ, ಪೂಜಾರಿಯ ಮುಂದೆ ಕೈಯೊಡ್ಡಲು ನನ್ನ ಎಂ.ಎ. ಬಿಡಲಿಲ್ಲ.

ಗುಡಿಯದೆಂದು ಕೊಟ್ಟಾಗ ಅವ್ವ ಚಿಟಿಕೆ ತೆಗೆದು ಮೂಗಿಗೆ ಹಿಡಿದಳು. ಗುಡಿಯ ಭಂಡಾರಕ್ಕೆ ಕಂಬಳಿಯ, ಊದಿನ ಹೊಗೆಯ ವಾಸನೆ ಇರುತ್ತದೆ. ಹುಟ್ಟಿದಾಗಿನಿಂದ ಅದನ್ನು ಮೂಸಿದವಳು. ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಚಿಟಿಕೆಯನ್ನು ಹಣೆಗೆ ಹಚ್ಚಿಕೊಂಡಳು.

“ಬಸ್ಸಿನ್ಯಾಗ ನಿಂತ್ಕೊಂಡ ಹೋಗಿ ತಂದಾನ್ರಿ, ಪಾಪ,” ಎಂದು ಗ್ರೇಸಮ್ಮನಿಗೆ ಹೇಳಿದಳು. “ತಗೋರಿ, ನಿಮ್ಮ ತಂಗಿಗೂ ಚಲೋ ಆಗಲಿ.”

ಗ್ರೇಸಮ್ಮ ತುಸು ತಡೆದರು. ಆಮೇಲೆ ಎರಡೂ ಕೈಯೊಡ್ಡಿ ಇಸಿದುಕೊಂಡರು. ಹಣೆಗೆ ಹಚ್ಚಲಿಲ್ಲ, ಚೆಲ್ಲಲೂ ಇಲ್ಲ. ಮುಷ್ಟಿಯಲ್ಲೇ ಹಿಡಿದು ಕೂತರು. ನನ್ನ ವ್ಯಾಖ್ಯಾನ ಆ ಇಬ್ಬರಿಗೂ ಬೇಕಿರಲಿಲ್ಲ.

ಮರುಬೆಳಿಗ್ಗೆ ಮೊದಲ ಬಸ್ಸಿಗೆ ಹುನಗುಂದಕ್ಕೆ ಹೋದೆ, ಅಲ್ಲಿಂದ ಊರಿಗೆ. ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅವ್ವನಿಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಅಂಗಡಿಯದರ ಮೇಲೆ ಗುಡಿಯದನ್ನು ಹಚ್ಚಿದೆ. ಬಣ್ಣದಲ್ಲಿ ಏನೂ ಫರಕು ಕಾಣಲಿಲ್ಲ.

“ಮತ್ತ್ಯಾಕ ಹೋಗಿದ್ರಿ ಸರ್? ನಿನ್ನೆ ತಂದಿದ್ರಲ್ಲ?” ಎಂದರು ಗ್ರೇಸಮ್ಮ.

ಮೊದಲ ಬಾರಿಗೆ ನಾನು ಅರ್ಥ ಹೇಳಲಿಲ್ಲ. ಆ ಸಂಜೆಯೇ ಅವ್ವ ಹೋದಳು.

ಭಂಡಾರದಲ್ಲಿ ಈಗಲೂ ನನಗೆ ನಂಬಿಕೆಯಿಲ್ಲ. ಆದರೆ ಯಾರಾದರೂ ಏನಾದರೂ ತಂದುಕೊಡು ಅಂದರೆ, ಯಾಕೆ ಎಂದು ಕೇಳುವ ಮೊದಲು ಚಪ್ಪಲಿ ಮೆಟ್ಟುತ್ತೇನೆ. ತಡವಾಗಿ ಕಲಿತ ವಿದ್ಯೆ. ಇದಕ್ಕೆ ಸರ್ಟಿಫಿಕೇಟು ಕೊಡಬೇಕಾದವಳು ಇಲ್ಲ.